ಸಿಪಾಯಿಯ ಹಲ್ಲು, ಕಾಕಾನ ಬಾಯಿ

ಇಲ್ಲಿ ಬರೆದು ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸು, ಅದು ಮುಗಿದ ಮೇಲೆ ಸೋಮಾರಿತನ... ಇರಲಿ, ವಿಷಯಕ್ಕೆ ಬರ್ತೀನಿ.

ಹೋದ ತಿಂಗಳು ಒಂದು ರಾತ್ರಿ ಊರಿಂದ ಕಾಕಾನ ಮಗ ಫೋನ್ ಮಾಡಿದ್ದ. ನಮ್ಮೂರು ಹೊನವಾಡ. ಮೊದಲು ವಿಜಾಪುರ ತಾಲೂಕಿನಲ್ಲಿತ್ತು, ಈಗ ತಿಕೋಟಾ ತಾಲೂಕು. ತಮ್ಮ ಅಗ್ನಿವೀರ ಭರ್ತಿಗೆ ತಯಾರಿ ನಡೆಸಿದ್ದಾನೆ. ದಿನಾ ನಸುಕಿನಲ್ಲಿ ಎದ್ದು ರಸ್ತೆಯ ಮೇಲೆ ಓಡುತ್ತಾನೆ.

"ಅಣ್ಣಾ, ಓಡೂದೇನ ತ್ರಾಸಿಲ್ಲ. ಆದ್ರ ಎರಡು ದವಡಿ ಹಲ್ಲಿಗೆ ಹುಳಕ ಹತ್ತೇತಿ. ಮೆಡಿಕಲ್‌ನ್ಯಾಗ ಹೊರಗ ಹಾಕ್ತಾರೇನು? ಬಂದೂಕ ಹೊಡ್ಯಾಕ ಹಲ್ಲ ಯಾಕ ಬೇಕೋ ಮಾರಾಯಾ?"

ನನಗೆ ನಗು ಬಂತು. ಆದರೆ ಆ ಕೊನೇ ಪ್ರಶ್ನೆ ತಲೆಯಲ್ಲೇ ಉಳಿಯಿತು. ಹುಡುಕುತ್ತಾ ಹೋದೆ. ಬಂದೂಕು ಹೊಡೆಯಲು ನಿಜವಾಗಿಯೂ ಹಲ್ಲು ಬೇಕಾಗಿದ್ದ ಕಾಲ ಒಂದಿತ್ತು!

ಆಗಿನ ತೋಟಾ ಎಂದರೆ ಕಾಗದದ ಸುರುಳಿ. ಒಳಗೆ ಮದ್ದು ಮತ್ತು ಗುಂಡು. ಸಿಪಾಯಿ ಒಂದು ಕೈಯಲ್ಲಿ ಬಂದೂಕು ಹಿಡಿದು, ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮದ್ದನ್ನು ನಳಿಗೆಗೆ ಸುರಿದು, ಗುಂಡನ್ನು ಗಜದಿಂದ ಒಳಗೆ ತಳ್ಳಬೇಕಿತ್ತು. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಮುಂದಿನ ಹಲ್ಲಿಲ್ಲದವರನ್ನು ಸೈನ್ಯಕ್ಕೆ ತೆಗೆದುಕೊಳ್ಳದಿದ್ದುದು ಇದೇ ಕಾರಣಕ್ಕೆ.

1857ರ ಕತೆ ನಮಗೆಲ್ಲ ಗೊತ್ತು. ಹೊಸ ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ಆಕಳು ಮತ್ತು ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಸುದ್ದಿ ಹಬ್ಬಿತು. ಬರೀ ಕೈಯಲ್ಲಿ ಮುಟ್ಟುವುದಾಗಿದ್ದರೆ ಏನಾಗುತ್ತಿತ್ತೋ, ಆದರೆ ಇದನ್ನು ಬಾಯಿಗೆ ಹಾಕಬೇಕಿತ್ತು. ಆ ವರ್ಷವೇ ಡ್ರಿಲ್ ಬದಲಿಸಿ, ಕಚ್ಚುವ ಬದಲು ಬೆರಳಿನಿಂದ ಹರಿಯಿರಿ ಅಂದರು. ಅಷ್ಟೊತ್ತಿಗೆ ಕಾಲ ಮಿಂಚಿತ್ತು. ದಂಗೆ ಎದ್ದ ಮೇಲೆ ಸರ್ಕಾರ ನಿಃಶಸ್ತ್ರೀಕರಣದ ಕಾಯ್ದೆ ತಂದಿತು. ಆ ಕಾಯ್ದೆಯ ವಿರುದ್ಧವೇ ನವೆಂಬರ್‌ನಲ್ಲಿ ಹಲಗಲಿಯ ಬೇಡರು ತಿರುಗಿ ಬಿದ್ದದ್ದು. ಹಲಗಲಿ ನಮ್ಮಿಂದ ದೂರವೇನಲ್ಲ, ಕೃಷ್ಣೆಯ ಆಚೆ ಮುಧೋಳದ ಕಡೆ. ಶಾಲೆಯಲ್ಲಿ ಹಲಗಲಿಯ ಪಾಠ ಕೇಳುವಾಗ, ಇದರ ಹಿಂದೆ ಎಲ್ಲೋ ಸಿಪಾಯಿಯ ಹಲ್ಲಿನ ಮಾತೂ ಇದೆ ಎಂದು ನನಗೆ ಹೊಳೆದಿರಲಿಲ್ಲ.

ಮುಂದೆ ಲೋಹದ ತೋಟಾ ಬಂತು. ಕಚ್ಚುವ ಕೆಲಸ ಹೋಯಿತು. ಅದರ ಜೊತೆಗೇ ಸಿಪಾಯಿಯ ಹಲ್ಲಿನ ಬಗ್ಗೆ ಇದ್ದ ಕಾಳಜಿಯೂ ಹೋಯಿತು ಅನ್ನಿಸುತ್ತೆ.

ಅದರ ಬೆಲೆ ತೆತ್ತದ್ದು ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ (1899-1902). ಸೈನಿಕರಿಗೆ ಕೊಡುತ್ತಿದ್ದದ್ದು ಕಲ್ಲಿನಂಥ ಬಿಸ್ಕತ್ತು, ಗಟ್ಟಿ ಮಾಂಸ. ಹುಳುಕು ಹಲ್ಲಿನವರು ಅದನ್ನು ಅಗಿಯುವುದು ಹೇಗೆ? ಸುಮಾರು 2 ಲಕ್ಷ ಬ್ರಿಟಿಷ್ ಸೈನಿಕರಲ್ಲಿ ಹತ್ತಿರ ಹತ್ತಿರ 7 ಸಾವಿರ ಮಂದಿ ಹಲ್ಲಿನ ತೊಂದರೆಗೇ ಆಸ್ಪತ್ರೆ ಸೇರಿದರು. ಎಷ್ಟೋ ಜನರನ್ನು ಹಡಗು ಹತ್ತಿಸಿ ವಾಪಸ್ ಕಳಿಸಬೇಕಾಯಿತು.

ಇಷ್ಟಾದರೂ ಬುದ್ಧಿ ಬರಲಿಲ್ಲ ನೋಡಿ. 1914ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯ ಫ್ರಾನ್ಸಿಗೆ ಹೋದಾಗ ಜೊತೆಗೆ ಒಬ್ಬ ದಂತವೈದ್ಯನೂ ಇರಲಿಲ್ಲ. ಅದೇ ಶರತ್ಕಾಲದಲ್ಲಿ ಜನರಲ್ ಡಗ್ಲಾಸ್ ಹೇಗ್‌ನಿಗೆ ಹಲ್ಲುನೋವು ಬಂತು. ಪ್ಯಾರಿಸ್ಸಿನಿಂದ ದಂತವೈದ್ಯನನ್ನು ಕರೆಸಬೇಕಾಯಿತಂತೆ. ನವೆಂಬರ್ ಹೊತ್ತಿಗೆ 12 ಮಂದಿ ದಂತವೈದ್ಯರು ಫ್ರಾನ್ಸಿಗೆ ಬಂದರು, ಯುದ್ಧ ಮುಗಿಯುವಾಗ ಸೈನ್ಯದಲ್ಲಿ 800ಕ್ಕೂ ಹೆಚ್ಚು ಮಂದಿ ಇದ್ದರು. ಸಾವಿರಾರು ಸಿಪಾಯಿಗಳ ನೋವು ಮಾಡದ ಕೆಲಸವನ್ನು ಒಬ್ಬ ಜನರಲ್ಲನ ದವಡೆ ಮಾಡಿತು :)

ಅದೇ ಯುದ್ಧದಲ್ಲಿ ನಮ್ಮವರ ಬಾಯಿಯ ಕತೆಯೂ ಒಂದಿದೆ. ಈಗಿನ ಇರಾಕಿನ ಕೂತ್ ಎಂಬ ಊರಿನಲ್ಲಿ 1915ರ ಡಿಸೆಂಬರ್‌ನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಸೈನ್ಯದಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟಣಗಳಿದ್ದವು. 1922ರಿಂದ ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ರೆಜಿಮೆಂಟಿನ ಹಳೆಯ ತುಕಡಿಗಳಿವು. ಕೂತ್‌ನಲ್ಲಿ ಕಾಯಿಪಲ್ಯೆ ಇಲ್ಲ. ಕುದುರೆ ಮಾಂಸ ತಿನ್ನಲು ಬಹಳಷ್ಟು ಭಾರತೀಯ ಸಿಪಾಯಿಗಳು ಒಪ್ಪಲಿಲ್ಲ. ಸ್ಕರ್ವಿ ಬಂತು. ಸಿ ಜೀವಸತ್ವ ಇಲ್ಲದೆ ಬರುವ ಈ ರೋಗದಲ್ಲಿ ವಸಡು ಊದಿ ರಕ್ತ ಸುರಿಯುತ್ತದೆ, ಹಲ್ಲು ಅಲುಗಾಡಿ ಬೀಳುತ್ತವೆ. ಬಾಯಿ ನೋಡಿದರೆ ಸಾಕು, ಆ ಪಡೆಯ ಹೊಟ್ಟೆಗೆ ಏನು ಬೀಳುತ್ತಿದೆ ಎಂದು ಗೊತ್ತಾಗುತ್ತದೆ.

ಇದಕ್ಕೆ ಸುಲಭದ ಮದ್ದು ನಮ್ಮ ಅಡುಗೆಮನೆಯಲ್ಲೇ ಇತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ಎಂಬ ಇಬ್ಬರು ವಿಜ್ಞಾನಿಗಳು, ಒಣ ಕಾಳಿನಲ್ಲಿ ಇಲ್ಲದ ಸ್ಕರ್ವಿ ತಡೆಯುವ ಗುಣ ಮೊಳಕೆ ಬಂದ ಕಾಳಿನಲ್ಲಿದೆ ಎಂದು 1917ರಲ್ಲಿ ತೋರಿಸಿದರು. ಅವ್ವ ಮಡಕಿ ಕಾಳು ನೆನೆಹಾಕಿ ಅರಿವೆಯಲ್ಲಿ ಕಟ್ಟಿಡುತ್ತಾಳಲ್ಲ, ಅದೇ!

ಬ್ರಿಟನ್ನಿನಲ್ಲಿ ಆರ್ಮಿ ಡೆಂಟಲ್ ಕೋರ್ ಹುಟ್ಟಿದ್ದು 1921ರ ಜನವರಿಯಲ್ಲಿ. ಭಾರತದಲ್ಲಿ ಇನ್ನೊಂದು ಮಹಾಯುದ್ಧ ಬರಬೇಕಾಯಿತು. ನಮ್ಮ ಆರ್ಮಿ ಡೆಂಟಲ್ ಕೋರ್ ಶುರುವಾದದ್ದು 1941ರ ಫೆಬ್ರವರಿ 1ಕ್ಕೆ. ತಮ್ಮ ಹೆದರಿಕೊಂಡ ಹಲ್ಲಿನ ಲೆಕ್ಕ ಹೀಗಿದೆ: ಮೇಲೆ ಕೆಳಗೆ ಒಂದಕ್ಕೊಂದು ಕೂಡುವ ಮುಂದಿನ ಹಲ್ಲಿನ ಜೋಡಿಗೆ 1 ಅಂಕ, ದವಡೆ ಹಲ್ಲಿನ ಜೋಡಿಗೆ 2. ಒಟ್ಟು 22, ಕನಿಷ್ಠ 14 ಇರಬೇಕು. ಇದರಲ್ಲಿ ಒಂದು ಮಜಾ ಇದೆ. ಒಂದು ದವಡೆ ಹಲ್ಲು ಕೀಳಿಸಿದರೆ ಅದರ ಎದುರಿನ ಗಟ್ಟಿ ಹಲ್ಲೂ ಲೆಕ್ಕದಿಂದ ಹೋಗುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಡಿಪೆಂಡೆನ್ಸಿ :)

ತಮ್ಮನಿಗೆ ಫೋನ್ ಮಾಡಿ ಹೇಳಿದೆ, "ಎರಡು ಹೋದ್ರೂ ಹದಿನಾಲ್ಕರ ಮ್ಯಾಲೇ ಇರ್ತಿ. ಆದ್ರ ಕೀಳಸಬ್ಯಾಡ, ಮೊದಲ ತೋರಸು." ಶನಿವಾರ ನಾನೂ ಊರಿಗೆ ಹೋದೆ. ಅವನನ್ನು ಕರೆದುಕೊಂಡು ವಿಜಾಪುರದ ದಂತವೈದ್ಯರೊಬ್ಬರ ಹತ್ತಿರ ಹೊರಟಾಗ ಕಾಕಾನೂ ಗಾಡಿ ಹತ್ತಿದ.

ಕಾಕಾನ ಬಗ್ಗೆ ಹೇಳಬೇಕು. ಮೂವತ್ತು ವರ್ಷದ ಮೇಲೆ ಪೊಲೀಸ್ ಕೆಲಸ ಮಾಡಿ ಹವಾಲ್ದಾರನಾಗಿ ರಿಟೈರ್ ಆದವನು. ಜಾತ್ರೆ, ಚುನಾವಣೆ, ಗಣಪತಿ ಹಬ್ಬ... ನಮಗೆ ಹಬ್ಬವಾದಾಗ ಅವನಿಗೆ ಬಂದೋಬಸ್ತ್. ರಾತ್ರಿಯೆಲ್ಲ ನಿಲ್ಲಲು ಸಕ್ಕರೆ ಚಹಾ, ನಿದ್ದೆ ಬಾರದಿರಲು ಗುಟ್ಕಾ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಕೊಂಡು ತಾನೇ ಕಲಸಿಕೊಳ್ಳುತ್ತಿದ್ದ. ಹಲ್ಲು ನೋವಾದರೆ ಲವಂಗ ಇಟ್ಟುಕೊಂಡು ಡ್ಯೂಟಿಗೆ ಹೋಗುತ್ತಿದ್ದ. ಹಲ್ಲಿಗೆಂದು ರಜೆ ಕೇಳಲು ಅವನಿಗೇ ನಾಚಿಕೆ. ಇತ್ತೀಚೆಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಸಣ್ಣ ಸಣ್ಣ ತುತ್ತು ಮಾಡಿ ತಿನ್ನುತ್ತಿದ್ದ. ಖಾರ ಆಗಲ್ಲ ಅನ್ನುತ್ತಿದ್ದ. ವಯಸ್ಸಾಯ್ತು ಅಂದುಕೊಂಡಿದ್ದೆವು.

ತಮ್ಮನ ಎರಡೂ ಹಲ್ಲು ಉಳಿದವು. ಒಂದಕ್ಕೆ ಬರೀ ಸಿಮೆಂಟು, ಇನ್ನೊಂದಕ್ಕೆ ರೂಟ್ ಕೆನಾಲ್. ಡಾಕ್ಟರು ಸುಮ್ಮನೆ ಕಾಕಾನ ಕಡೆ ತಿರುಗಿ, "ನೀವೂ ಒಮ್ಮೆ ಬಾಯಿ ತೆಗೀರಿ ನೋಡೋಣ" ಅಂದರು. ಬಾಯಿಯೊಳಗೆ ಎರಡು ಬೆರಳು ಸಹ ಸರಿಯಾಗಿ ಹೋಗಲಿಲ್ಲ. ಅಡಿಕೆ ಅಗಿದೂ ಅಗಿದೂ ಕೆನ್ನೆಯ ಒಳಗಿನ ಪದರ ಹಗ್ಗದಂತೆ ಬಿಗಿದುಕೊಳ್ಳುವ ರೋಗ ಅದು. ಮುಂದೆ ಕ್ಯಾನ್ಸರಿಗೆ ತಿರುಗಬಹುದು. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಕೆನ್ನೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಮನೆಯಲ್ಲಿ ಯಾರೂ ಸರಿಯಾಗಿ ಉಂಡಿಲ್ಲ. ಕಾಕಾ ಮಾತ್ರ "ನಾ ಎಷ್ಟ ಗಲಾಟಿ ನೋಡೀನಿ, ಇದೇನ ಮಹಾ" ಅನ್ನುತ್ತಿದ್ದ, ಆದರೆ ಚೀಟಿಗಳನ್ನು ತಾನಾಗಿಯೇ ಒಲೆಗೆ ಹಾಕಿದ್ದ. ಕ್ಯಾನ್ಸರ್ ಅಲ್ಲ ಅಂತ ಬಂತು. ಆದರೆ ಬಿಗಿದ ಬಾಯಿ ಮೊದಲಿನಂತೆ ಆಗುವುದಿಲ್ಲ, ಆಗಾಗ ತೋರಿಸುತ್ತಲೇ ಇರಬೇಕು ಅಂದಿದ್ದಾರೆ.

ವಾಪಸ್ ಬೆಂಗಳೂರಿಗೆ ಬರುವಾಗ ಬಸ್ಸಿನಲ್ಲಿ ಇದೇ ಯೋಚನೆ. ತೋಟಾ ಕಚ್ಚಲು ಬೇಕಾದಾಗ ಸಿಪಾಯಿಯ ಹಲ್ಲು ಎಣಿಸಿದರು. ಬಿಸ್ಕತ್ತು ಅಗಿಯಲಾಗದೆ ಆಸ್ಪತ್ರೆ ತುಂಬಿದಾಗ ಮತ್ತೆ ನೆನಪಾಯಿತು, ಜನರಲ್ಲನಿಗೆ ನೋವಾದಾಗ ಡಾಕ್ಟರು ಬಂದರು. ಸೈನ್ಯಕ್ಕೆ ತನ್ನ ಕೆಲಸ ಕೆಟ್ಟಾಗಲೆಲ್ಲ ಹಲ್ಲು ಕಂಡಿದೆ. ಪೊಲೀಸಿನವನ ಹಲ್ಲು ಹೋದರೆ ಯಾವ ಬಂದೋಬಸ್ತೂ ನಿಲ್ಲುವುದಿಲ್ಲ. ಲವಂಗ ಇಟ್ಟುಕೊಂಡು ಅವನು ನಿಂತೇ ಇರುತ್ತಾನೆ. ನಮ್ಮ ಪೊಲೀಸರಿಗೆ ಸೈನ್ಯದ ಹಾಗೆ ಡೆಂಟಲ್ ಕೋರ್ ಇಲ್ಲ. ವರ್ಷಕ್ಕೊಮ್ಮೆ ಠಾಣೆಗೇ ಒಬ್ಬ ದಂತವೈದ್ಯರು ಬಂದು ಎಲ್ಲರ ಬಾಯಿ ತೆಗೆಸಿ ನೋಡಿದರೆ ಸಾಕು. ಟಾರ್ಚು, ಒಂದು ಸಣ್ಣ ಕನ್ನಡಿ, ಐದು ನಿಮಿಷ. ಕಾಕಾನ ಬಾಯಿಯನ್ನು ಹತ್ತು ವರ್ಷ ಮೊದಲೇ ಯಾರಾದರೂ ಹಾಗೆ ನೋಡಿದ್ದರೆ...

ನಿಮ್ಮ ಮನೆಯಲ್ಲೂ ಖಾಕಿ ಹಾಕಿದವರು ಯಾರಾದರೂ ಇದ್ದರೆ, ಈ ಭಾನುವಾರ ಅವರ ಮುಂದೆ ಕೂತು ಮೂರು ಬೆರಳು ಬಾಯಲ್ಲಿ ಹಿಡಿಸುತ್ತವಾ ಅಂತ ಕೇಳಿ ನೋಡಿ. ಹಿಡಿಸದಿದ್ದರೆ ಸೋಮವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ತಮ್ಮನ ಭರ್ತಿ ಇನ್ನೂ ಮುಂದಿದೆ. ಈಗ ಅವನು ಓಡಿ ಬಂದ ಮೇಲೆ ಮೊಳಕೆ ಕಾಳು ತಿನ್ನುತ್ತಾನೆ, ಕಾಕಾನಿಗೂ ಒಂದು ಬಟ್ಟಲು ಮೆತ್ತಗೆ ಬೇಯಿಸಿ ಕೊಡುತ್ತಾರೆ.