ಬಿಸಿಲು, ಗಾಜು ಮತ್ತು ಕರ್ನಾಟಕದ ಮನೆಯ ಕಿಟಕಿ

ಕರ್ನಾಟಕದ ನಗರಗಳಲ್ಲಿ ಹಳೆಯ ಮರದ ಅಥವಾ ಕಬ್ಬಿಣದ ಕಿಟಕಿಗಳನ್ನು ಕಿತ್ತು, ಆ ಜಾಗದಲ್ಲಿ ಅಲ್ಯೂಮಿನಿಯಂ ಇಲ್ಲವೆ ಯುಪಿವಿಸಿ ಎಂಬ ಗಡಸು ಪ್ಲಾಸ್ಟಿಕ್ಕಿನ ಚೌಕಟ್ಟುಗಳನ್ನು, ಕೆಲವೆಡೆ ಎರಡು ಪದರ ಗಾಜಿನ ಸಮೇತ, ಕೂರಿಸುವುದು ಇಂದು ಮನೆ ದುರಸ್ತಿಯ ಮಾಮೂಲಿ ಭಾಗವಾಗಿದೆ. ವಿದ್ಯುತ್ ಉಳಿತಾಯದ ಹೆಸರಿನಲ್ಲಿ ನಡೆಯುವ ಈ ಬದಲಾವಣೆಯ ಹಿಂದೆ ಎರಡು ಬೇರೆ ಬೇರೆ ಚರಿತ್ರೆಗಳಿವೆ. ಬೆಳಕು, ಗಾಳಿಗಳನ್ನು ಒಳಗೆ ಬಿಟ್ಟುಕೊಂಡು ಬಿಸಿಲನ್ನು ಮಾತ್ರ ಹೊರಗೇ ತಡೆಯಲು ಈ ನಾಡಿನ ಕಟ್ಟಡಗಾರರು ಶತಮಾನಗಳ ಕಾಲ ನಡೆಸಿದ ಪ್ರಯತ್ನ ಒಂದಾದರೆ, ಒಳಗೆ ಕಾಯಿಸಿಕೊಂಡ ಶಾಖ ಗಾಜಿನ ಮೂಲಕ ಸೋರಿಹೋಗದಂತೆ ನೋಡಿಕೊಳ್ಳಲು ಚಳಿದೇಶಗಳು ನಡೆಸಿದ ಪ್ರಯತ್ನ ಇನ್ನೊಂದು. ಮೊದಲನೆಯದನ್ನು ಮರೆತು ಎರಡನೆಯದರ ಫಲವನ್ನು ಮಾತ್ರ ಕೊಂಡು ತಂದಾಗ ಆಗುವ ನಷ್ಟ ಸಣ್ಣದಲ್ಲ.

ಕರ್ನಾಟಕದಲ್ಲಿ ಕಿಟಕಿಯ ಅತ್ಯಂತ ಹಳೆಯ ಮಾದರಿಗಳು ಉಳಿದಿರುವುದು ದೇವಾಲಯಗಳಲ್ಲಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಎಂಟನೆಯ ಶತಮಾನದ ಗೋಡೆಗಳಲ್ಲಿ ಕಲ್ಲಿನ ಚಪ್ಪಡಿಯನ್ನೇ ಕೊರೆದು ಮಾಡಿದ ಜಾಲಂಧ್ರಗಳಿವೆ. ಜಾಲಂಧ್ರವೆಂದರೆ ಬಲೆಯಂತೆ ರಂಧ್ರಗಳನ್ನು ಬಿಟ್ಟು ಕಡೆದ ಕಲ್ಲಿನ ಕಿಟಕಿ. ಬೇಲೂರಿನ ಚೆನ್ನಕೇಶವ ದೇವಾಲಯದ ಉದಾಹರಣೆ ಈ ಚರ್ಚೆಗೆ ಇನ್ನೂ ಹತ್ತಿರವಾದುದು. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಗೊಂಡ ಈ ಗುಡಿಯ ನವರಂಗವೆಂಬ ಮಂಟಪ ಮೊದಲು ತೆರೆದೇ ಇತ್ತು. ಹೊರ ಅಂಚಿನ ಕಂಬಗಳ ನಡುವಿನ ಜಾಲಂಧ್ರಗಳು ಸೇರಿದ್ದು ಮುಂದೆ ಎರಡನೆಯ ಬಲ್ಲಾಳನ ಆಳ್ವಿಕೆಯಲ್ಲಿ. ಅಂದರೆ ಕಟ್ಟಿ ಮುಗಿದ ಕಟ್ಟಡಕ್ಕೆ ಅನಂತರ ಕಿಟಕಿ ಅಳವಡಿಸಿದ ಪ್ರಸಂಗವಿದು. ಕೆಲವು ಚಪ್ಪಡಿಗಳಲ್ಲಿ ಪುರಾಣದ ಪ್ರಸಂಗಗಳೂ ಉಳಿದವುಗಳಲ್ಲಿ ನಕ್ಷತ್ರ, ಚೌಕ ಮೊದಲಾದ ಜ್ಯಾಮಿತಿಯ ವಿನ್ಯಾಸಗಳೂ ಇವೆ. ಕಲ್ಲಿನ ದಪ್ಪದಿಂದಾಗಿ ಪ್ರತಿ ರಂಧ್ರವೂ ಒಂದು ಕಿರುಸುರಂಗವಾಗುವುದರಿಂದ, ಮೇಲಿನಿಂದ ಬೀಳುವ ಬಿಸಿಲು ರಂಧ್ರದ ಅಂಚಿಗೆ ತಾಗಿ ಅಲ್ಲಿಯೇ ನಿಂತು, ಚದುರಿದ ಬೆಳಕು ಮತ್ತು ಗಾಳಿ ಮಾತ್ರ ಒಳಗೆ ಬರುತ್ತವೆ. ಶಿಲ್ಪದ ಸೊಬಗನ್ನು ಕೊಂಡಾಡುವ ಬರಹಗಳು ಈ ಗುಣವನ್ನು ಗಮನಿಸಿದ್ದು ಕಡಿಮೆಯಾದರೂ ಸೊಬಗಿನಷ್ಟೇ ಗೌರವಕ್ಕೆ ಅದೂ ಅರ್ಹವಾಗಿದೆ.

ವಾಸದ ಮನೆಗಳಲ್ಲಿ ಇದೇ ಕೆಲಸವನ್ನು ಮಣ್ಣು, ಮರಗಳು ಮಾಡಿದವು. ಹಳೆಯ ಮೈಸೂರು ಭಾಗದ ತೊಟ್ಟಿಮನೆಯಲ್ಲಿ, ಅಂದರೆ ನಡುವೆ ಆಕಾಶಕ್ಕೆ ತೆರೆದ ಅಂಗಳವನ್ನು ಇಟ್ಟುಕೊಂಡು ಸುತ್ತ ಕೋಣೆಗಳನ್ನು ಕಟ್ಟಿದ ಮನೆಯಲ್ಲಿ, ಬೆಳಕು ಮುಖ್ಯವಾಗಿ ತೊಟ್ಟಿಯಿಂದಲೇ ದೊರೆಯುತ್ತಿದ್ದುದರಿಂದ ಹೊರಗೋಡೆಯ ಕಿಟಕಿಗಳು ಚಿಕ್ಕವಿದ್ದರೂ ಸಾಕಾಗುತ್ತಿತ್ತು. ಮುಂದೆ ಊರೂರಲ್ಲಿ ಬಳಕೆಗೆ ಬಂದ ಮರದ ಕಿಟಕಿಯ ರಚನೆ ನೋಡಲು ಸರಳವಾದರೂ ಬಹಳ ವಿವೇಕದ್ದು: ಚೌಕಟ್ಟಿನಲ್ಲಿ ಕಬ್ಬಿಣದ ಸರಳುಗಳು, ಒಳಬದಿಗೆ ಕೆಳಗೆ ಎರಡು, ಮೇಲೆ ಎರಡು ಹೀಗೆ ನಾಲ್ಕು ಹಲಗೆಯ ಕದಗಳು. ಕೆಳಗಿನ ಜೋಡಿಯನ್ನು ಮುಚ್ಚಿದರೆ ಬೀದಿಯ ಕಣ್ಣು ತಪ್ಪುತ್ತಿತ್ತು. ಮೇಲಿನ ಜೋಡಿಯನ್ನು ತೆರೆದಿಟ್ಟರೆ ಮೇಲೇರಿದ ಬಿಸಿಗಾಳಿ ಹೊರಹೋಗುತ್ತಿತ್ತು. ನಾಲ್ಕನ್ನೂ ತೆರೆದರೆ ಚೌಕಟ್ಟಿನ ಇಡೀ ಅಳತೆ ಗಾಳಿಗೆ ದಕ್ಕುತ್ತಿತ್ತು. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆಗೆ ಕಿಟಕಿಗಳು ವಿರಳವಾಗಿದ್ದು, ಮಳೆ ಬಂದಾಗ ಮುಚ್ಚಬಹುದಾದ ಬೆಳಕಿಂಡಿ ಮಾಳಿಗೆಯಿಂದಲೇ ಬೆಳಕನ್ನು ಇಳಿಸುತ್ತಿತ್ತು. ಕರಾವಳಿಯಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಹೆಂಚಿನ ಮಾಡಿಗೆ, ಅಲ್ಲೊಂದು ಇಲ್ಲೊಂದು ಗಾಜಿನ ಹೆಂಚು ಸೇರಿ ಅದೇ ಕೆಲಸ ಮಾಡಿತು. ಕಡುಬೇಸಿಗೆಯಲ್ಲಿ ಅನುಕೂಲಸ್ಥರು ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದ ರೂಢಿಯೂ ಇತ್ತು. ಬೇರಿನಲ್ಲಿ ಹೀರಿದ ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಎಳೆದುಕೊಳ್ಳುವುದರಿಂದ ಒಳಬರುವ ಗಾಳಿ ತಂಪಾಗುತ್ತಿತ್ತು.

1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ನೆಲೆಗೊಂಡ ಬಳಿಕ ಬೆಂಗಳೂರಿನಲ್ಲಿ ಬೆಳೆದ ಬಂಗಲೆಗಳು ಕಿಟಕಿಯನ್ನು ಅಗಲವಾಗಿಸಿದವು. ಅಗಲವಾದ ಕಿಟಕಿಗೆ ರಕ್ಷಣೆಯೂ ಬೇಕಾದ್ದರಿಂದ ಅದರ ಮೇಲೆ ಮರದ ಪಟ್ಟಿಗಳನ್ನು ಜೋಡಿಸಿ ಮಾಡಿದ, ಮುಂದಕ್ಕೆ ಚಾಚಿದ ಮೊನಚು ಮಾಡಿನ ಹೊದಿಕೆ ಬಂದಿತು. ಬೆಂಗಳೂರಿಗರು ಇದನ್ನು ಮಂಕಿ ಟಾಪ್ ಎಂದೇ ಕರೆಯುತ್ತಾರೆ. ಅದು ಮಳೆಯ ಇರಿಚಲನ್ನೂ ಬಿಸಿಲನ್ನೂ ಗಾಜಿಗೆ ತಾಗುವ ಮುನ್ನವೇ ತಡೆದು, ಪಟ್ಟಿಗಳ ಸಂದಿನಿಂದ ಗಾಳಿಯನ್ನು ಬಿಡುತ್ತಿತ್ತು. 1898ರ ಪ್ಲೇಗು ಇಕ್ಕಟ್ಟಿನ ಪೇಟೆಯನ್ನು ತತ್ತರಿಸುವಂತೆ ಮಾಡಿದ ಅನಂತರ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಗಾಳಿ ಬೆಳಕು ಆರೋಗ್ಯದ ಮಾತಾಗಿ, ಮಾಡಿನ ಕೆಳಗೆ ಸದಾ ತೆರೆದಿರುವ ವೆಂಟಿಲೇಟರ್ ಮನೆಮನೆಗೂ ಅಗತ್ಯವೆನಿಸಿತು.

ಯುರೋಪಿನಲ್ಲಿ ಕಿಟಕಿಯ ಕಥೆ ಬೇರೆ ದಾರಿ ಹಿಡಿದಿತ್ತು. ಅಲ್ಲಿ ಗಾಜು ಬೆಲೆಬಾಳುವ ವಸ್ತು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಸಂಖ್ಯೆಯ ಮೇಲೆಯೇ ತೆರಿಗೆ ಇದ್ದು, ಅದನ್ನು ತಪ್ಪಿಸಲು ಜನ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದ ಗುರುತುಗಳು ಹಳೆಯ ಮನೆಗಳಲ್ಲಿ ಇಂದಿಗೂ ಕಾಣುತ್ತವೆ. ಮಂಗಳೂರಿನ ಹೆಂಚಿನ ಕಾರ್ಖಾನೆ ಆರಂಭವಾದ 1865ರಲ್ಲಿಯೇ ನ್ಯೂಯಾರ್ಕಿನ ಥಾಮಸ್ ಸ್ಟೆಟ್ಸನ್ ಎರಡು ಗಾಜುಗಳನ್ನು ನಡುವೆ ಅಂತರ ಬಿಟ್ಟು ಅಂಚುಗಳಲ್ಲಿ ಬೆಸೆಯುವ ವಿಧಾನಕ್ಕೆ ಪೇಟೆಂಟ್ ಪಡೆದನು. ಅಲುಗಾಡದೆ ನಿಂತ ಗಾಳಿಯ ಪದರ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ ಎಂಬುದೇ ಇದರ ತಿರುಳು. ಅಂಥ ಜೋಡಿ ಗಾಜು ಥರ್ಮೋಪೇನ್ ಎಂಬ ಹೆಸರಿನಲ್ಲಿ ಅಮೆರಿಕದ ಮನೆಗಳನ್ನು ಸೇರಿದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿ ಪ್ರಕಟಿಸಿದ ಫ್ಲೋಟ್ ವಿಧಾನ, ಅಂದರೆ ಕರಗಿದ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಹಾಳೆಯಾಗಿಸುವ ಕ್ರಮ, ನುಣುಪಾದ ದೊಡ್ಡ ಗಾಜನ್ನು ಅಗ್ಗವಾಗಿಸಿತು. 1973ರಲ್ಲಿ ತೈಲದ ಬೆಲೆ ಹಠಾತ್ತನೆ ಏರಿ, ಮನೆ ಕಾಯಿಸುವ ಖರ್ಚು ಸರ್ಕಾರಗಳ ಚಿಂತೆಯಾದಾಗ ಕಿಟಕಿಯ ಸಂಶೋಧನೆಗೆ ಹಣ ಹರಿಯಿತು. ಆ ದಶಕದ ಉತ್ತರಾರ್ಧದಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಬೆಂಬಲದಿಂದ ಬೆಳೆದ ಲೋ-ಇ ಗಾಜು 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದಿತು. ಸಾಮಾನ್ಯ ಗಾಜಿನ ಮೇಲ್ಮೈ ತಾನು ಹೀರಿದ ಶಾಖವನ್ನು ಧಾರಾಳವಾಗಿ ಹೊರಸೂಸುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಬೆಳ್ಳಿಯಂಥ ಲೋಹದ ಲೇಪ ಆ ಸೂಸುವಿಕೆಯನ್ನು ಹತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗಿಳಿಸುತ್ತದೆ.

ಕರ್ನಾಟಕದ ಸಾಮಾನ್ಯ ಮನೆಗೆ ಗಾಜು ಬಂದದ್ದು ಶಾಖದ ಲೆಕ್ಕದಿಂದಲ್ಲ, ಬೆಳಕಿನ ಆಸೆಯಿಂದ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹಲಗೆಯ ಕದಕ್ಕೆ ಗಾಜಿನ ತುಂಡುಗಳು ಸೇರಿದವು; ಸರ್ಕಾರಿ ವಸತಿಗೃಹಗಳಲ್ಲಿ ಪುಟ್ಟಿಯಿಂದ ಗಾಜನ್ನು ಹಿಡಿಸಿದ ಕಬ್ಬಿಣದ ಕಿಟಕಿಗಳು ಬಂದವು. ಆ ಕಾಲದ ಕಟ್ಟಡಗಳಲ್ಲಿ ಪ್ರತಿ ಕಿಟಕಿಯ ಮೇಲೂ ಕಾಂಕ್ರೀಟಿನ ಸಜ್ಜವಿದ್ದುದರಿಂದ ಗಾಜಿನ ಮೇಲೆ ನೆರಳು ಉಳಿದಿತ್ತು. 2000ದಲ್ಲಿ ತಮಿಳುನಾಡಿನ ಶ್ರೀಪೆರುಂಬುದೂರಿನಲ್ಲಿ ಸೇಂಟ್-ಗೋಬೇನ್ ಕಾರ್ಖಾನೆ ಫ್ಲೋಟ್ ಗಾಜನ್ನು ತಯಾರಿಸತೊಡಗಿದ ಅನಂತರದ ವರ್ಷಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಗಾಜು ಹಿಗ್ಗಿತು, ಸಜ್ಜ ಕುಗ್ಗಿತು, ಎಷ್ಟೋ ಕಡೆ ಮಾಯವಾಯಿತು. ಕಿಟಕಿಯ ಚರಿತ್ರೆಯಲ್ಲಿ ನಿಜವಾದ ಹಿನ್ನಡೆ ಇದೇ.

ಇದರ ತೂಕ ತಿಳಿಯಲು ಎರಡು ಅಳತೆಗಳ ಪರಿಚಯ ಬೇಕು. ಒಳಗಿನ ಮತ್ತು ಹೊರಗಿನ ಗಾಳಿಯ ಉಷ್ಣತೆಯ ಅಂತರದಿಂದ ಗಾಜನ್ನು ದಾಟುವ ಶಾಖದ ಅಳತೆ ಯು-ಮೌಲ್ಯ. ಒಂದು ಚದರ ಮೀಟರಿಗೆ, ಒಂದು ಡಿಗ್ರಿ ಅಂತರಕ್ಕೆ ಒಂಟಿ ಗಾಜಿನಲ್ಲಿ ಅದು ಸುಮಾರು 5.7 ವ್ಯಾಟ್, ಜೋಡಿ ಗಾಜಿನಲ್ಲಿ ಸುಮಾರು 2.8. ಬಿದ್ದ ಬಿಸಿಲಿನಲ್ಲಿ ಒಳಬರುವ ಪಾಲು ಎಷ್ಟು ಎಂಬುದು ಸೌರಶಾಖ ಗುಣಾಂಕ; ಒಂಟಿ ಗಾಜಿಗೆ ಅದು ಸುಮಾರು 0.82, ಜೋಡಿ ಗಾಜಿಗೆ 0.7, ಬಿಸಿಲು ತಡೆಯಲೆಂದೇ ಲೇಪಿಸಿದ ಜೋಡಿ ಗಾಜಿಗೆ 0.3ರ ಆಸುಪಾಸು. ಬೆಂಗಳೂರಿನ ಒಂದು ಪಡುವಣ ಕಿಟಕಿಯ 1.5 ಚದರ ಮೀಟರ್ ಗಾಜಿನ ಮೇಲೆ ಸಂಜೆ ಚದರ ಮೀಟರಿಗೆ 500 ವ್ಯಾಟಿನ ಬಿಸಿಲು ಬಿದ್ದಿದ್ದು, ಹೊರಗೆ ಒಳಗಿಗಿಂತ 5 ಡಿಗ್ರಿ ಹೆಚ್ಚು ಸೆಕೆಯಿದೆ ಎಂದುಕೊಂಡರೆ, ಒಂಟಿ ಗಾಜಿನಲ್ಲಿ ಉಷ್ಣತೆಯ ಅಂತರದಿಂದ ಬರುವುದು ಸುಮಾರು 43 ವ್ಯಾಟ್ ಮಾತ್ರ, ಬಿಸಿಲಿನಿಂದ ಬರುವುದು 615 ವ್ಯಾಟ್. ಬರಿಯ ಜೋಡಿ ಗಾಜು ಹಾಕಿದರೆ ಮೊದಲನೆಯದು 21ಕ್ಕೆ ಇಳಿದರೂ ಎರಡನೆಯದು 525ರಲ್ಲಿಯೇ ನಿಲ್ಲುತ್ತದೆ. ಲೇಪವಿದ್ದರೆ ಅದು 225ಕ್ಕೆ ಬರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯ ಹವಾನಿಯಂತ್ರಿತ ಕೋಣೆಯಲ್ಲಿ ಎರಡು ಪದರಕ್ಕೂ ಸ್ಪಷ್ಟ ಪ್ರಯೋಜನವಿದೆ. ಬೆಂಗಳೂರು, ಮೈಸೂರುಗಳ ಮನೆಗಳಲ್ಲಿ ಪದರಗಳ ಸಂಖ್ಯೆಗಿಂತ ಬಿಸಿಲಿನ ಗುಣಾಂಕ ಮತ್ತು ಹೊರಗಿನ ನೆರಳು ಮುಖ್ಯ. ತೆಂಕಣ ಕಿಟಕಿಗೆ ಸಾಧಾರಣ ಸಜ್ಜವೇ ಸಾಕು, ಏಕೆಂದರೆ ಮಧ್ಯಾಹ್ನದ ಸೂರ್ಯ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಬೆಂಗಳೂರಿನಲ್ಲಿ ಅವನು ನಡುಹಗಲು ಬಡಗಣಕ್ಕೆ ಸರಿದಿರುತ್ತಾನೆ. ಪಡುವಣ ಕಿಟಕಿಯೊಳಕ್ಕೆ ಅಡ್ಡಡ್ಡ ಬರುವ ಸಂಜೆಯ ಬಿಸಿಲನ್ನು ಸಜ್ಜ ತಡೆಯಲಾರದು. ಅಲ್ಲಿ ಬಿದಿರಿನ ತಟ್ಟಿ, ಮರದ ಪಟ್ಟಿಯ ಕದ ಅಥವಾ ಲೇಪದ ಗಾಜು ಬೇಕು.

ಕೂರಿಸುವ ಕ್ರಮವೂ ಬದಲಾಗಿದೆ. ಹಿಂದೆ ಗೋಡೆ ಏಳುತ್ತಿರುವಾಗಲೇ ಬಡಗಿ ಮಾಡಿಕೊಟ್ಟ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ಬಿಗಿದ ಕಬ್ಬಿಣದ ಪಟ್ಟಿಗಳನ್ನು ಗಾರೆಯೊಳಗೆ ಹುದುಗಿಸುತ್ತಿದ್ದುದರಿಂದ ಚೌಕಟ್ಟು ಮತ್ತು ಗೋಡೆ ಒಂದೇ ಆಗಿರುತ್ತಿದ್ದವು. ಈಗ ಗಾರೆ ಮುಗಿದ ಮೇಲೆ ತೆರವನ್ನು ಅಳೆದು, ಕಾರ್ಖಾನೆಯಲ್ಲಿ ಸಿದ್ಧಪಡಿಸಿದ ಚೌಕಟ್ಟನ್ನು ತಂದು ಸ್ಕ್ರೂಗಳಿಂದ ಬಿಗಿಯಲಾಗುತ್ತದೆ. ಗೋಡೆಗೂ ಚೌಕಟ್ಟಿಗೂ ನಡುವೆ ಉಳಿಯುವ ಸಂದನ್ನು ಫೋಮ್ ತುಂಬಿ, ಹೊರಗಿನಿಂದ ಸಿಲಿಕೋನ್ ಹಚ್ಚಿ ಮುಚ್ಚದಿದ್ದರೆ, ಗಾಜಿಗೆ ಎಷ್ಟೇ ಹಣ ಸುರಿದಿದ್ದರೂ ಬಿಸಿಗಾಳಿಯೂ ಮಳೆನೀರೂ ಅಲ್ಲಿಂದಲೇ ಒಳಗೆ ಬರುತ್ತವೆ.

ವಾಸದ ಕಟ್ಟಡಗಳಿಗೆಂದು ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಪ್ರಕಟಿಸಿದ ಇಕೋ-ನಿವಾಸ ಸಂಹಿತೆಯ ಮೊದಲ ಭಾಗ ಹಳೆಯ ಅರಿವನ್ನು ಅಂಕಿಗಳಲ್ಲಿ ಮರಳಿ ಹೇಳಿದೆ. ಗಾಜು, ಗೋಡೆಗಳ ಮೂಲಕ ಬರುವ ಶಾಖಕ್ಕೆ ಮಿತಿ ಹಾಕಿದ್ದಲ್ಲದೆ, ತೆರೆಯಬಹುದಾದ ಕಿಟಕಿಯ ಅಳತೆ ನೆಲದ ಅಳತೆಯಲ್ಲಿ ಇಷ್ಟು ಪಾಲು ಇರಲೇಬೇಕು ಎಂದು ಅದು ವಿಧಿಸುತ್ತದೆ: ಬೆಂಗಳೂರಿನಂಥ ಸಮಶೀತೋಷ್ಣ ವಲಯಕ್ಕೆ ಶೇ. 12.5, ಸೆಕೆ ಮತ್ತು ತೇವ ಸೇರಿದ ಕರಾವಳಿಯಂಥ ವಲಯಕ್ಕೆ ಶೇ. 16.66. ಈ ಅಳತೆಗೋಲಿನಿಂದ ನೋಡಿದರೆ, 10 ಚದರ ಮೀಟರಿನ ಕೋಣೆಗೆ ಬೆಂಗಳೂರಿನಲ್ಲಿ 1.25 ಚದರ ಮೀಟರ್ ತೆರವು ಬೇಕು. 1.5 ಚದರ ಮೀಟರಿನ ಹಳೆಯ ನಾಲ್ಕು ಕದಗಳ ಕಿಟಕಿ ಪೂರ್ತಿ ತೆರೆದುಕೊಳ್ಳುತ್ತಿದ್ದುದರಿಂದ ಇದನ್ನು ಸುಲಭವಾಗಿ ದಾಟುತ್ತಿತ್ತು. ಅದೇ ಜಾಗದಲ್ಲಿ ಕೂರಿಸಿದ, ಎರಡು ಕದಗಳು ಒಂದರ ಹಿಂದೊಂದು ಸರಿಯುವ ಸ್ಲೈಡಿಂಗ್ ಕಿಟಕಿ ಒಮ್ಮೆಗೆ ಅರ್ಧ ಮಾತ್ರ ತೆರೆಯುವುದರಿಂದ ಗಾಳಿಗೆ ಸಿಗುವುದು 0.75 ಚದರ ಮೀಟರ್. ಹೀಗೆ ಬದಲಿಸಿದ ಕೋಣೆಗೆ ಅಲ್ಲಿಯವರೆಗೆ ಬೇಡವಾಗಿದ್ದ ಹವಾನಿಯಂತ್ರಕ ಬೇಕೆನಿಸಿದರೆ, ಉಳಿತಾಯಕ್ಕೆಂದು ಹಾಕಿದ ಕಿಟಕಿಯೇ ಖರ್ಚಿನ ಮೂಲವಾಗುತ್ತದೆ. ಬಾಗಿಲಿನಂತೆ ಪೂರ್ತಿ ತೆರೆಯುವ ಕದಗಳು ಯುಪಿವಿಸಿಯಲ್ಲಿಯೂ ಅಲ್ಯೂಮಿನಿಯಮ್ಮಿನಲ್ಲಿಯೂ ದೊರೆಯುತ್ತವೆ. ಅಳತೆ ತೆಗೆದುಕೊಳ್ಳಲು ಬಂದವರಿಗೆ ಅಂಥ ಕದಗಳೇ ಬೇಕೆಂದು ಸ್ಪಷ್ಟವಾಗಿ ಹೇಳಬೇಕು, ಜೊತೆಗೆ ಗಾಜಿನ ಸೌರಶಾಖ ಗುಣಾಂಕವನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.