ಗಾಳಿ ಮತ್ತು ನೀರಿನ ಗುಣಮಟ್ಟ: ಭಾರತದ ಆನ್‌ಲೈನ್ ಮಾಪನ ವ್ಯವಸ್ಥೆ

ಗಾಳಿಯಲ್ಲಿನ ದೂಳು ಮತ್ತು ಅನಿಲಗಳನ್ನೂ ನದಿ, ಕೆರೆ, ಕಾರ್ಖಾನೆ ಕೊಳವೆಗಳ ನೀರನ್ನೂ ಸೆನ್ಸರ್‌ಗಳಿಂದ ಸತತವಾಗಿ ಅಳೆದು, ಆ ಅಂಕಿಗಳನ್ನು ಅಂತರಜಾಲದ ಮೂಲಕ ಆಡಳಿತಕ್ಕೂ ಜನರಿಗೂ ತಲುಪಿಸುವ ವ್ಯವಸ್ಥೆ. ಭಾರತದಲ್ಲಿ ಇದರ ಮುಖ್ಯ ಹೊಣೆ 1974ರ ಜಲ ಕಾಯ್ದೆಯಡಿ ಸ್ಥಾಪನೆಯಾದ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಗೂ ರಾಜ್ಯ ಮಂಡಳಿಗಳದು. 1981ರ ವಾಯು ಕಾಯ್ದೆ ಗಾಳಿಯನ್ನೂ ಇವುಗಳ ವ್ಯಾಪ್ತಿಗೆ ತಂದಿತು.

ಹಳೆಯ ಪದ್ಧತಿಯಲ್ಲಿ ಶೋಧಕ ಕಾಗದದ ಮೂಲಕ ಗಾಳಿ ಎಳೆದು, ಕಾಗದವನ್ನು ತೂಗಿ ದೂಳಿನ ಪ್ರಮಾಣ ತಿಳಿಯುತ್ತಾರೆ. ವಾರಕ್ಕೆ ಎರಡು ದಿನದಂತೆ ವರ್ಷಕ್ಕೆ 104 ಅಳತೆ. ಇಂಥ ಕೇಂದ್ರಗಳು ಈಗಲೂ ಇವೆ; ಆದರೆ ದೀಪಾವಳಿ ರಾತ್ರಿಯ ಗಾಳಿ ಹೇಗಿತ್ತೆಂದು ಅವು ಹೇಳಬೇಕಾದರೆ ಆ ದಿನವೇ ಸರದಿ ಬಿದ್ದಿರಬೇಕು. ಸ್ವಯಂಚಾಲಿತ ಕೇಂದ್ರದಲ್ಲಿ ದೂಳು ಕೂತ ಪಟ್ಟಿಯು ಬೀಟಾ ಕಿರಣವನ್ನು ಎಷ್ಟು ತಡೆಯಿತೆಂಬುದರಿಂದ ದೂಳಿನ ತೂಕ ಹಗಲೂ ರಾತ್ರಿ ಸಿಗುತ್ತಿರುತ್ತದೆ. ಬೆಂಗಳೂರಿನ ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್ ಮುಂತಾದೆಡೆ ಇಂಥ ಕೇಂದ್ರಗಳಿವೆ. ಅಗ್ಗದ ಸೆನ್ಸರ್‌ಗಳು ಲೇಸರ್ ಬೆಳಕಿನ ಚದುರುವಿಕೆಯನ್ನು ನೋಡುತ್ತವೆ. ತೇವ ಹೆಚ್ಚಿದಾಗ ನೀರಹನಿಯನ್ನೂ ದೂಳೆಂದೇ ಎಣಿಸುವುದರಿಂದ ಮಂಜಿನ ಬೆಳಗಿನಲ್ಲಿ ಅವುಗಳ ಅಂಕಿಯನ್ನು ಹಾಗೆಯೇ ನಂಬುವಂತಿಲ್ಲ.

2015ರ ಏಪ್ರಿಲ್‌ನಲ್ಲಿ ಜಾರಿಯಾದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವು ಎಂಟು ಮಾಲಿನ್ಯಕಾರಕಗಳ ಅಳತೆಯನ್ನು 0ಯಿಂದ 500ರವರೆಗಿನ ಒಂದೇ ಸಂಖ್ಯೆಗೆ ಇಳಿಸುತ್ತದೆ. ಇದು ಸರಾಸರಿಯಲ್ಲ: ಪ್ರತಿಯೊಂದಕ್ಕೂ ಉಪಸೂಚ್ಯಂಕ ಲೆಕ್ಕಹಾಕಿ, ಅವುಗಳಲ್ಲಿ ಅತಿ ಹೆಚ್ಚಿನದನ್ನೇ ಆ ಸ್ಥಳದ ಗಾಳಿಯ ಅಂಕವೆಂದು ಸಾರುತ್ತಾರೆ. ಕನಿಷ್ಠ ಮೂರು ಮಾಲಿನ್ಯಕಾರಕಗಳ ಅಳತೆ ಇರಬೇಕು, ಅದರಲ್ಲೊಂದು ದೂಳಿನ ಕಣವೇ ಆಗಿರಬೇಕು. ಕೇಂದ್ರ ಮಂಡಳಿಯ ‘ಸಮೀರ್’ ಆ್ಯಪ್‌ನ ಅಂಕಿಗೂ ಕೆಲವು ಖಾಸಗಿ ಆ್ಯಪ್‌ಗಳ ಅಂಕಿಗೂ ತಾಳೆಯಾಗದಿರಲು ಮುಖ್ಯ ಕಾರಣ ಮಾನದಂಡದ ವ್ಯತ್ಯಾಸ. ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಪಿಎಂ 2.5 ಎಂಬ ಸೂಕ್ಷ್ಮ ದೂಳಿನ ಕಣಗಳಿದ್ದರೆ ಭಾರತದ ಲೆಕ್ಕದಲ್ಲಿ ಸೂಚ್ಯಂಕ 100, ಅಂದರೆ ‘ತೃಪ್ತಿಕರ’. ಅಮೆರಿಕದ ಲೆಕ್ಕದಲ್ಲಿ ಅದೇ ಗಾಳಿ 150 ದಾಟಿ ‘ಅನಾರೋಗ್ಯಕರ’ ಎನಿಸಿಕೊಳ್ಳುತ್ತದೆ. ದೆಹಲಿಯಲ್ಲಿ ಸೂಚ್ಯಂಕ ಏರಿದಂತೆ ಕಟ್ಟಡ ಕಾಮಗಾರಿ, ಲಾರಿ ಸಂಚಾರಗಳ ಮೇಲೆ ಹಂತಹಂತವಾಗಿ ನಿರ್ಬಂಧ ಬೀಳುವ ಏರ್ಪಾಡಿದೆ.

ನೀರಿನ ಮಾಪನ ಇದಕ್ಕಿಂತ ಕಷ್ಟ. ಆಮ್ಲೀಯತೆ, ಕರಗಿದ ಆಮ್ಲಜನಕ, ರಾಡಿ, ವಿದ್ಯುತ್ ವಾಹಕತೆಗಳನ್ನು ಸೆನ್ಸರ್ ನೇರವಾಗಿ ಅಳೆಯಬಲ್ಲದು. ಕೊಳಚೆಯ ಮುಖ್ಯ ಸೂಚಕವಾದ ಜೈವಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆಗೆ ಮಾತ್ರ ಪ್ರಯೋಗಾಲಯದಲ್ಲಿ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಬೇಕು. ಪರದೆಯ ಮೇಲೆ ಕ್ಷಣದಲ್ಲಿ ಕಾಣುವ ಸಂಖ್ಯೆ ಬಹುಪಾಲು ನೀರು ಬೆಳಕನ್ನು ಹೀರುವ ರೀತಿಯಿಂದ ಕಟ್ಟಿದ ಅಂದಾಜು. ಪಾಚಿ, ಜಿಡ್ಡು ಅಂಟಿದ ಸೆನ್ಸರ್ ತಪ್ಪು ಅಂಕಿಯನ್ನೂ ಸರಿಯಾದ ಸಮಯಕ್ಕೇ ಕಳಿಸುತ್ತಿರುತ್ತದೆ. ಉಪಕರಣ ಕೊಳ್ಳುವ ಉತ್ಸಾಹ ಅದನ್ನು ತೊಳೆದು, ಮತ್ತೆ ಮತ್ತೆ ತಾಳೆನೋಡುವ ಕೆಲಸದಲ್ಲಿ ಕಾಣುವುದು ಅಪರೂಪ. ಇನ್ನು ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ನೊರೆ ಉಕ್ಕಿ, 2017 ಮತ್ತು 2018ರಲ್ಲಿ ಬೆಂಕಿ ಕಾಣಿಸಿಕೊಂಡದ್ದು ಅಳತೆಯ ಕೊರತೆಯಿಂದಲ್ಲ. ಸಂಸ್ಕರಿಸದ ಕೊಳಚೆ ಕೆರೆ ಸೇರುತ್ತಿತ್ತು.

2014ರಲ್ಲಿ ಕೇಂದ್ರ ಮಂಡಳಿ ಡಿಸ್ಟಿಲರಿ, ಸಕ್ಕರೆ, ಸಿಮೆಂಟ್ ಸೇರಿದಂತೆ 17 ಬಗೆಯ ಅತಿ ಮಾಲಿನ್ಯಕಾರಕ ಉದ್ಯಮಗಳಿಗೆ ಆನ್‌ಲೈನ್ ಮಾಪಕ ಅಳವಡಿಸಲು ನಿರ್ದೇಶಿಸಿತು. ಮಿತಿ ಮೀರಿದೊಡನೆ ಎಚ್ಚರಿಕೆಯ ಸಂದೇಶ ಹೋಗುತ್ತದೆ. ಆದರೆ ಜಲ ಮತ್ತು ವಾಯು ಕಾಯ್ದೆಗಳ ಪ್ರಕಾರ, ಅಧಿಕಾರಿ ನೋಟಿಸ್ ಕೊಟ್ಟು, ಮೊಹರು ಮಾಡಿ ತೆಗೆದುಕೊಂಡ ಮಾದರಿಯ ವರದಿಯೇ ನ್ಯಾಯಾಲಯದಲ್ಲಿ ಮಾದರಿಯ ಸಾಕ್ಷ್ಯವಾಗಿ ನಿಲ್ಲುತ್ತದೆ. ಹೀಗಾಗಿ ಆನ್‌ಲೈನ್ ಅಂಕಿ ಹೆಚ್ಚಾಗಿ ತಪಾಸಣೆಗೆ ಕರೆಯುವ ಗಂಟೆಯಷ್ಟೇ.

ಅಂಕಿಗೇ ಬೆಲೆ ಕಟ್ಟಿದ ಪ್ರಯೋಗ ಗುಜರಾತಿನ ಸೂರತ್‌ನದು. ಅಲ್ಲಿ 2019ರಲ್ಲಿ ಚಿಮಣಿ ಮಾಪಕಗಳ ಆಧಾರದ ಮೇಲೆ ಕಾರ್ಖಾನೆಗಳು ದೂಳು ಹೊರಸೂಸುವ ಪರವಾನಗಿಗಳನ್ನು ಕೊಂಡು ಮಾರುವ ಮಾರುಕಟ್ಟೆ ಆರಂಭವಾಯಿತು. ಮಾರುಕಟ್ಟೆಗೆ ಸೇರಿದ ಕಾರ್ಖಾನೆಗಳ ದೂಳು, ಸೇರದ ಕಾರ್ಖಾನೆಗಳದಕ್ಕಿಂತ ಶೇ. 20ರಿಂದ 30ರಷ್ಟು ಕಡಿಮೆಯಿದ್ದುದು ಅಧ್ಯಯನದಲ್ಲಿ ಕಂಡುಬಂದಿದೆ.