ಹತ್ತಿರದ ಹಾದಿ: ನೈರೋಬಿಯಿಂದ ಒಂದು ತಾಂತ್ರಿಕ ಇತಿಹಾಸ

ಪೂರ್ವ ಆಫ್ರಿಕದ ಭಾರತೀಯರ ಇತಿಹಾಸವೆಂದರೆ ರೈಲುಹಾದಿಯ ಇತಿಹಾಸವೆಂದೇ ಬಹುಮಂದಿ ಭಾವಿಸುತ್ತಾರೆ. ಮೊಂಬಾಸಾದಿಂದ 1896ರಲ್ಲಿ ಹೊರಟ ಹಳಿಗಳು 1899ರಲ್ಲಿ ನೈರೋಬಿಯನ್ನು ಮುಟ್ಟಿದವು. ನಗರವೇ ಆ ಹಳಿಗಳಿಂದ ಹುಟ್ಟಿತು. ಇದೇ ನಗರದಲ್ಲಿ ಗಣಕಜಾಲದ ಕಾರ್ಯದಲ್ಲಿ ತೊಡಗಿರುವ ನಾನು ಸಮ್ಮೇಳನದ ಬಂಧುಗಳ ಮುಂದಿಡಬಯಸುವುದು ಕಣ್ಣಿಗೆ ಕಾಣದ ಇನ್ನೊಂದು ಹಾದಿಯ ಕಥೆಯನ್ನು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನೈರೋಬಿಯ ಒಂದು ಅಂತರಜಾಲ ಸಂಸ್ಥೆಯ ಗ್ರಾಹಕನು ಪಕ್ಕದ ಬೀದಿಯಲ್ಲಿದ್ದ ಮತ್ತೊಂದು ಸಂಸ್ಥೆಯ ಗ್ರಾಹಕನಿಗೆ ಬರೆದ ಪತ್ರವು 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನೇರಿ, ಪರಖಂಡದಲ್ಲಿ ಇಳಿದು, ಮತ್ತೆ ಅದೇ ರೀತಿ ಹಿಂದಿರುಗುತ್ತಿತ್ತು. ಸುತ್ತಿ ಬಳಸಿ ಮೂಗು ಹಿಡಿಯುವ ಈ ಪ್ರಯಾಣಕ್ಕೆ 1,200ರಿಂದ 2,000 ಮಿಲಿಸೆಕೆಂಡು ಹಿಡಿಯುತ್ತಿತ್ತು. ಅದರ ಬಾಡಿಗೆಯೂ ವಿದೇಶಕ್ಕೇ ಸಲ್ಲುತ್ತಿತ್ತು. ಸ್ಥಳೀಯ ಸಂಸ್ಥೆಗಳು ಕೂಡಿ 2000ದ ನವೆಂಬರಿನಲ್ಲಿ ಕೀನ್ಯಾ ಅಂತರಜಾಲ ವಿನಿಮಯ ಕೇಂದ್ರವನ್ನು ತೆರೆದವು. ಏಕಸ್ವಾಮ್ಯ ತನ್ನದೆಂದು ಟೆಲ್ಕಾಂ ಕೀನ್ಯಾ ಆಕ್ಷೇಪಿಸಿತು. ಸಂಪರ್ಕ ಆಯೋಗವು ಸುಮಾರು ಎರಡು ವಾರಗಳಲ್ಲೇ ಕೇಂದ್ರವನ್ನು ಮುಚ್ಚಿಸಿತು. ದೀರ್ಘ ವಾದದ ನಂತರ ಪರವಾನಗಿ ದೊರೆತು, 2002ರ ಫೆಬ್ರುವರಿಯಲ್ಲಿ ಐದು ಸಂಸ್ಥೆಗಳೊಡನೆ ಅದು ಮತ್ತೆ ಆರಂಭವಾಯಿತು. ಪ್ರಯಾಣಕಾಲ 60ರಿಂದ 80 ಮಿಲಿಸೆಕೆಂಡಿಗೆ ಇಳಿಯಿತು.

ಇಂಥದೇ ಸುತ್ತುದಾರಿ ಗಣಕಯಂತ್ರದೊಳಗೂ ಉಂಟೆಂಬುದನ್ನು ಬಲ್ಲವರು ವಿರಳ. ಜಾಲದ ಕಾರ್ಡಿಗೆ ಬಂದ ಮಾಹಿತಿಯ ಪೊಟ್ಟಣವು ನೇರವಾಗಿ ತಂತ್ರಾಂಶವನ್ನು ತಲುಪುವುದಿಲ್ಲ. ಕಾರ್ಡು ಗಂಟೆ ಬಾರಿಸಿ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಎಬ್ಬಿಸುತ್ತದೆ. ಅದು ಪೊಟ್ಟಣವನ್ನು ಪರಿಶೀಲಿಸಿ, ನಕಲು ಮಾಡಿ ಒಪ್ಪಿಸುತ್ತದೆ. ವೇಗ ಕಡಿಮೆಯಿದ್ದಾಗ ಈ ವಿಳಂಬ ನಗಣ್ಯ. ಆದರೆ ಸೆಕೆಂಡಿಗೆ 10 ಗಿಗಾಬಿಟ್ ವೇಗದಲ್ಲಿ ಅತಿ ಚಿಕ್ಕ ಪೊಟ್ಟಣಗಳು 1 ಕೋಟಿ 48 ಲಕ್ಷಕ್ಕೂ ಮೀರಿ ಬರಬಹುದು. ಒಂದೊಂದಕ್ಕೆ ದೊರೆಯುವ ಅವಧಿ ಕೇವಲ 67 ನ್ಯಾನೋಸೆಕೆಂಡು.

ಇದಕ್ಕೆ ಪರಿಹಾರವೆಂದರೆ ಕಾರ್ಡಿನ ಚಾಲಕ ತಂತ್ರಾಂಶವನ್ನು ಕರ್ನೆಲಿನಿಂದ ಹೊರತಂದು ಬಳಕೆದಾರನ ವಲಯದಲ್ಲೇ ನೆಲೆಗೊಳಿಸುವುದು. ಆಗ ಕಾರ್ಡು ಪೊಟ್ಟಣವನ್ನು ನೇರವಾಗಿ ತಂತ್ರಾಂಶದ ಸ್ಮೃತಿಯಲ್ಲಿಡುತ್ತದೆ. ತಂತ್ರಾಂಶವು ಗಂಟೆಗಾಗಿ ಕಾಯದೆ ತಾನೇ ಪದೇ ಪದೇ ಬಾಗಿಲು ನೋಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 1995ರಲ್ಲಿ ಯು-ನೆಟ್ ಎಂಬ ಹೆಸರಿನಲ್ಲಿ ಈ ವಿಚಾರವನ್ನು ಮಂಡಿಸಿದರು. ನಮ್ಮ ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯೂ ಈ ಪರಂಪರೆಗೆ ಸೇರಿದೆಯೆಂಬುದು ಹೆಮ್ಮೆಯ ಸಂಗತಿ. 2003ರ ಜೂನ್ ತಿಂಗಳ ವಿಶ್ವದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಸ್ಥಾನ ಪಡೆದ ಅಲ್ಲಿನ ಪರಮ್ ಪದ್ಮ ಯಂತ್ರವು ಪರಮ್‌ನೆಟ್ ಎಂಬ ಸ್ವದೇಶಿ ಜಾಲವನ್ನು ಹೊಂದಿತ್ತು. ಅದರ ಸಂವಹನ ತಂತ್ರಾಂಶದ ಹೆಸರು ಕ್ಷಿಪ್ರ. ಇಂಟೆಲ್ ಸಂಸ್ಥೆಯಲ್ಲಿ ಬೆಳೆದ ಡಿಪಿಡಿಕೆ ಹಾಗೂ ಇಟಲಿಯ ಪೀಸಾದಲ್ಲಿ ಲೂಯಿಜಿ ರಿಟ್ಸೊ ರೂಪಿಸಿದ ನೆಟ್‌ಮ್ಯಾಪ್ ಮುಂದೆ ಈ ವಿಧಾನವನ್ನು ಸಾಮಾನ್ಯ ಯಂತ್ರಗಳಿಗೂ ತಂದವು.

ಆದರೆ ಮಧ್ಯವರ್ತಿಯನ್ನು ದಾಟಿದೊಡನೆ ಎಲ್ಲವೂ ಲಾಭವೆನ್ನಲಾಗದು. ಕರ್ನೆಲ್ ಸುಂಕದವನಷ್ಟೇ ಅಲ್ಲ, ಕಾವಲುಗಾರನೂ ಹೌದು. ಅವನಿಲ್ಲದಿದ್ದರೆ ದಾರಿ ತಪ್ಪಿದ ಚಾಲಕವೊಂದು ಕಾರ್ಡಿನ ಮೂಲಕ ಯಂತ್ರದ ಯಾವ ಸ್ಮೃತಿಯನ್ನಾದರೂ ಕೆಡಿಸಬಲ್ಲುದು. ಆದ್ದರಿಂದಲೇ ಕಾರ್ಡು ಮುಟ್ಟಬಹುದಾದ ಸ್ಮೃತಿಗೆ ಯಂತ್ರಾಂಶದ ಮೂಲಕವೇ ಬೇಲಿ ಹಾಕುವ ವಿಎಫ್‌ಐಒ ವ್ಯವಸ್ಥೆ 2012ರಲ್ಲಿ ಲಿನಕ್ಸಿಗೆ ಸೇರಿತು. ಇದಲ್ಲದೆ ಸದಾ ಬಾಗಿಲು ನೋಡುವ ಸಂಸ್ಕಾರಕವು ಪೊಟ್ಟಣ ಬಾರದಿದ್ದಾಗಲೂ ವಿದ್ಯುತ್ತನ್ನು ನುಂಗುತ್ತದೆ. ಅಲ್ಪ ಸಂಚಾರಕ್ಕೆ ಹಳೆಯ ಹಾದಿಯೇ ಲೇಸು.

ನೈರೋಬಿಯಲ್ಲಿಯೂ ನಿಯಮವು ಅಳಿಯಲಿಲ್ಲ. ಪರವಾನಗಿಯೊಡನೆಯೇ ನೆರೆಯವರು ನೇರವಾಗಿ ಮಾತನಾಡಿದರು. 2009ರಲ್ಲಿ ಸಾಗರತಳದ ಕೇಬಲುಗಳು ಮೊಂಬಾಸಾಕ್ಕೆ ಬಂದ ಮೇಲೂ ವಿನಿಮಯ ಕೇಂದ್ರ ಅನಗತ್ಯವಾಗಲಿಲ್ಲ. ದೂರದ ಲೋಕ ಎಷ್ಟೇ ಹತ್ತಿರವಾದರೂ ಪಕ್ಕದ ಮನೆಗೆ ಹೋಗಲು ಸಮುದ್ರ ದಾಟಬೇಕಾಗಿಲ್ಲ. ಕಾವಲನ್ನು ಉಳಿಸಿಕೊಂಡು ಸುತ್ತನ್ನು ಕಡಿಮೆ ಮಾಡುವುದೇ ಈ ಎರಡು ಇತಿಹಾಸಗಳೂ ಕಲಿಸುವ ಪಾಠವೆಂದು ನಾನು ಭಾವಿಸುತ್ತೇನೆ.